ತಿಕೋಟಾದಲ್ಲಿ ಹೊಳೆದ ಕ್ರಿಸ್‌ಮಸ್ ಕಾಣಿಕೆ

ಈ ಸಲದ ಕ್ರಿಸ್‌ಮಸ್‌ಗೆ ತಾನು ಹೆಂಡತಿಗೆ ಕೊಡುವ ಕಾಣಿಕೆ ಕಂಡು ವಿಜಯಪುರದ ಮಂದಿಯೆಲ್ಲ ಮೂಗಿನ ಮೇಲೆ ಬೆರಳಿಡಬೇಕು ಎಂದು ಅರುಣಕುಮಾರ ಡಿಸೆಂಬರ್ ಹುಟ್ಟುವ ಮೊದಲೇ ತೀರ್ಮಾನಿಸಿಬಿಟ್ಟಿದ್ದ. ಹಾಗೆ ತೀರ್ಮಾನಿಸಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ತನ್ನ ಸೀರೆ ಅಂಗಡಿಯ ಕೆಲಸದವರಿಗೆ ಹೇಳಿದ, ಎದುರಿನ ಚಹಾದಂಗಡಿಯವನಿಗೆ ಹೇಳಿದ, ಸೆರಗು ಬಿಡಿಸಿ ನೋಡುತ್ತಿದ್ದ ಗಿರಾಕಿಗಳಿಗೂ ಹೇಳಿದ. ಕಾಣಿಕೆ ಏನೆಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ.

ದಿನಾ ಹಣೆಗೆ ವಿಭೂತಿ ಧರಿಸದೆ ಅಂಗಡಿಯ ಬೀಗಕ್ಕೆ ಕೈ ಹಚ್ಚದ ಮನುಷ್ಯನಿಗೆ ಕ್ರಿಸ್‌ಮಸ್ ಎಲ್ಲಿಂದ ಬಂತು ಎಂದು ಕೇಳಿದರೆ, ಹೆಂಡತಿಯ ಹಿತ್ತಲಿನಿಂದ ಬಂತು ಎನ್ನಬೇಕು. ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಸಮೀಪ ಅವರ ಮನೆ. ಮನೆಯ ಬಗಲಿಗೆ ಎರಡು ಗುಂಟೆ ಜಾಗ. ಬೇರೆಯವರಾಗಿದ್ದರೆ ಅಲ್ಲಿ ಬಾಡಿಗೆ ಮನೆ ಎಬ್ಬಿಸುತ್ತಿದ್ದರು. ಶೈಲಾ ಗುಲಾಬಿ ಎಬ್ಬಿಸಿದ್ದಳು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಶಾಲೆ ಬಿಟ್ಟು ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗಿಳಿದಳೆಂದರೆ, ಗಿಡ ಯಾವುದು ಕಸ ಯಾವುದು ಎಂದು ತಿಳಿಯದಷ್ಟು ಕತ್ತಲಾದ ಮೇಲೆಯೇ ಒಳಗೆ ಬರುವುದು. ಕರಿ ಎರೆಮಣ್ಣು, ಮಳೆ ಬಿದ್ದರೆ ಕಾಲಿಗೆ ಅಂಟುತ್ತದೆ, ಬಿಸಿಲು ಬಿದ್ದರೆ ಕೈ ತೂರುವಷ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ ಗುಲಾಬಿ ಅರಳಿಸುವುದೆಂದರೆ ಹಟಮಾರಿ ಹುಡುಗರಿಗೆ ಪಾಠ ಹೇಳಿದಷ್ಟೇ ಕಷ್ಟ. ಎರಡೂ ಅವಳಿಗೆ ರೂಢಿಯಾಗಿತ್ತು.

ಊರಿನಲ್ಲಿ ಅವಳಂತೆಯೇ ಗಿಡದ ಹುಚ್ಚು ಹತ್ತಿದ ಕೆಲವು ಮನೆಗಳಿದ್ದವು. ಅವರೆಲ್ಲ ಸೇರಿ 'ಹಿತ್ತಲ ಬಳಗ' ಎಂದು ಕಟ್ಟಿಕೊಂಡಿದ್ದರು. ಬಳಗದ ಮುಂದಾಳು ವಿಶಾಖಾ, ಸರಕಾರಿ ಕಚೇರಿಯಲ್ಲಿ ನೌಕರಿ ಮಾಡುವವಳು. ಮನೆಯ ಮಾಳಿಗೆಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಕುಂಡ ಇಟ್ಟವಳು. ಡಿಸೆಂಬರ್ ಎಂದರೆ ಹೂವಿಗೆ ಸುಗ್ಗಿ, ಇಪ್ಪತ್ತೈದನೇ ತಾರೀಖು ಎಲ್ಲರಿಗೂ ರಜೆ. ಬಳಗದಲ್ಲಿದ್ದ ನರ್ಸಬಾಯಿ ಒಬ್ಬರು ಮೊದಲ ವರ್ಷ ಚರ್ಚಿನಿಂದ ನೇರವಾಗಿ ಕೇಕು ಹಿಡಿದು ಬಂದು, "ನಮ್ಮ ಮನ್ಯಾಗ ಈ ಹಬ್ಬಕ್ಕ ಒಬ್ರಿಗೊಬ್ರು ಕಾಣಿಕಿ ಕೊಡತೀವ್ರಿ" ಎಂದದ್ದೇ ನೆಪವಾಗಿ, ಅದು ಬಳಗದ ಪದ್ಧತಿಯೇ ಆಗಿಹೋಯಿತು. ಪ್ರತಿ ಕ್ರಿಸ್‌ಮಸ್‌ಗೆ ಒಬ್ಬರ ಹಿತ್ತಲಲ್ಲಿ ಎಲ್ಲರೂ ಸೇರಬೇಕು. ಗಿಡದವರು ತಮಗೆ ಬೇಕಾದದ್ದನ್ನು ಮನೆಯವರಿಗೆ ಮೊದಲೇ ಹೇಳಿರಬೇಕು. ಮನೆಯವರು ಅದನ್ನು ತಂದು ಎಲ್ಲರೆದುರು ಕೊಡಬೇಕು.

ಈ ಜನ ಕೇಳುವುದಾದರೂ ಏನು? ಚಿನ್ನವಲ್ಲ, ರೇಷ್ಮೆಯಲ್ಲ. ಒಬ್ಬರಿಗೆ ಬೇವಿನ ಹಿಂಡಿ ಬೇಕು, ಇನ್ನೊಬ್ಬರಿಗೆ ಗಿಡ ಕತ್ತರಿಸುವ ಕತ್ತರಿ ಬೇಕು. ಹೋದ ವರ್ಷ ವಿಶಾಖಾ ಕೇಳಿದ್ದು ಕೆಂಪು ಮಣ್ಣು. ಅವಳ ಗಂಡ ರಾಜಾರಾಮ, ಕಾಲೇಜಿನ ಗ್ರಂಥಪಾಲಕ, ಎಲ್ಲಿಂದಲೋ ಎರಡು ಚೀಲ ಕೆಂಪು ಮಣ್ಣು ತರಿಸಿ, ಚೀಲಕ್ಕೆ ಬಣ್ಣದ ಕಾಗದ ಸುತ್ತಿ ಕೊಟ್ಟಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು. ಮಣ್ಣು ನೋಡಿ ಅಳುವ ಹೆಂಗಸನ್ನು ಅರುಣಕುಮಾರ ಅಂದೇ ಮೊದಲು ಕಂಡದ್ದು.

ಅವನೂ ಅದೇ ದಿನ ಶೈಲಾಗೆ ಕಾಣಿಕೆ ಕೊಟ್ಟಿದ್ದ. ಅಂಗಡಿಯ ಗಾಜಿನ ಕಪಾಟಿನ ಅಲಂಕಾರಕ್ಕೆಂದು ತರಿಸಿ ಉಳಿದಿದ್ದ ಒಂದು ಕಟ್ಟು ಪ್ಲಾಸ್ಟಿಕ್ ಗುಲಾಬಿ. "ನೀರ ಹಾಕೂದು ಬ್ಯಾಡ, ಗೊಬ್ಬರ ಬ್ಯಾಡ, ಹುಳಾ ಹತ್ತಂಗಿಲ್ಲ" ಎಂದು ಅವನು ಗುಣಗಾನ ಮಾಡುತ್ತಿದ್ದರೆ ಬಳಗದವರೆಲ್ಲ ಸತ್ತವರ ಮಣ್ಣಿಗೆ ಬಂದವರಂತೆ ತಲೆ ತಗ್ಗಿಸಿ ಕೂತಿದ್ದರು. ಆ ಅವಮಾನ ಅವನನ್ನು ವರ್ಷವಿಡೀ ಕೊರೆದಿತ್ತು. ಈ ವರ್ಷ ಬಳಗ ಸೇರುವುದು ಶೈಲಾಳ ಹಿತ್ತಲಲ್ಲೇ. ಬಿಟ್ಟಾನೆಯೇ?

"ರೀ, ಈ ಸಲ ನನಗೇನ್ ಬೇಕಂದ್ರ..." ಎಂದು ಶೈಲಾ ಒಂದು ದಿನ ಊಟಕ್ಕೆ ಬಡಿಸುತ್ತ ಶುರುಮಾಡಿದಳು.

"ಹೇಳಬ್ಯಾಡ." ಅರುಣಕುಮಾರ ರೊಟ್ಟಿ ಹಿಡಿದ ಕೈಯನ್ನೇ ಎತ್ತಿ ತಡೆದ.

"ಸಣ್ಣದೈತ್ರಿ, ಕೇಳ್ರಿ."

"ಇಷ್ಟ ವರ್ಷ ಸೀರಿ ಮಾರೇನಿ. ಹೆಣ್ಮಕ್ಕಳ ಮನಸಿನ್ಯಾಗ ಏನೈತಿ ಅಂತ ನನಗ ಹೇಳಿಕೊಡಬೇಕೇನು? ನೀ ಬಾಯಿಲೆ ಹೇಳಿ, ನಾ ತಂದ ಕೊಟ್ರ ಅದು ಕಾಣಿಕಿ ಹೆಂಗಾತು? ಸಂತಿ ಆತು."

"ಸಂತೀನ ಆಗ್ಲಿ ಬಿಡ್ರಿ. ನಮ್ಮ ಹಿತ್ಲಿಗೆ..."

"ಶೈಲಾ, ಸುಮ್ಕ ಕೂಡು. ಈ ಸಲ ನೋಡ ನೀ."

ಶೈಲಾ ಅತ್ತೆಯ ಮುಖ ನೋಡಿದಳು. ಅತ್ತೆ ಶಂಕ್ರೆವ್ವ ಅರಕೇರಿಯ ಒಕ್ಕಲು ಮನೆತನದ ಮಗಳು. ಹೊಲದಲ್ಲಿ ಹುಟ್ಟಿ ಹೊಲದಲ್ಲಿ ಬೆಳೆದ ತನ್ನ ಹೊಟ್ಟೆಯಲ್ಲಿ ಜೋಳಕ್ಕೂ ಸಜ್ಜೆಗೂ ವ್ಯತ್ಯಾಸ ತಿಳಿಯದ ಮಗ ಹುಟ್ಟಿದನಲ್ಲ ಎಂಬುದು ಅವಳ ಹಳೆಯ ಕೊರಗು. "ಅಂವಾ ಯಾರ ಮಾತ ಕೇಳ್ಯಾನ? ಹೋದ ವರ್ಷ ಪ್ಲಾಸ್ಟಿಕ್ ತಂದಾನ, ಈ ವರ್ಷ ತಗಡ ತರತಾನ" ಎಂದು ಅವಳು ಮಜ್ಜಿಗೆ ಸುರಿದುಕೊಂಡಳು.

ಡಿಸೆಂಬರ್ ಅರ್ಧ ಕಳೆದರೂ ಅರುಣಕುಮಾರನಿಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ತಿಕೋಟಾದಲ್ಲಿ. ಅಲ್ಲಿಯ ದ್ರಾಕ್ಷಿ ಬೆಳೆಗಾರ ಗುರಲಿಂಗಪ್ಪ ಅಂಗಡಿಯ ಹಳೆಯ ಗಿರಾಕಿ. ಸಂಕ್ರಮಣದ ಆಚೆ ಮಗಳ ಮದುವೆ ಇಟ್ಟುಕೊಂಡಿದ್ದರಿಂದ ಸೀರೆಗಳನ್ನು ಮನೆಗೇ ತಂದು ತೋರಿಸಲು ಹೇಳಿಕಳಿಸಿದ್ದ. ಹೆಂಗಸರು ಒಳಗೆ ಸೀರೆ ಹರವಿಕೊಂಡು ಕೂತಾಗ ಇವರಿಬ್ಬರೂ ತೋಟಕ್ಕೆ ಹೋದರು. ಚಪ್ಪರದ ತುಂಬ ಹಸಿರು ಗೊಂಚಲು ತೂಗುತ್ತಿದ್ದವು.

"ಇದಕ್ಕೇನ್ ಹಾಕ್ತೀರಿ?" ಅರುಣಕುಮಾರ ಕೇಳಿದ.

"ಔಷಧ ನೂರಾ ಎಂಟು ಹೊಡಿತೀವಿ. ಆದ್ರ ಬುಡಕ್ಕ ಬೀಳಬೇಕಾದ್ದು ಒಂದ." ಗುರಲಿಂಗಪ್ಪ ಬೀಗರ ಮನೆಯ ಗುಟ್ಟು ಹೇಳುವವನಂತೆ ದನಿ ತಗ್ಗಿಸಿದ. "ಕುರಿ ಗೊಬ್ಬರ. ಬಂಗಾರ ಅದು. ನಮ್ಮ ಮನಿಯಾಕಿ ಹಿತ್ಲಾಗ ಮಲ್ಲಿಗಿ ಹಚ್ಯಾಳ. ಅದರ ಬುಡಕ್ಕ ಒಂದ ಬುಟ್ಟಿ ಹಾಕಿಸಿದೆ. ಒಂದ ತಿಂಗಳ ತನಕಾ ನನ್ನ ಮ್ಯಾಲ ಸಿಟ್ಟಾಗಲಿಲ್ಲ ನೋಡಪಾ."

ಅರುಣಕುಮಾರ ಚಪ್ಪರದ ಕಂಬ ಹಿಡಿದು ನಿಂತುಬಿಟ್ಟ. ಮಣ್ಣಿಗೇ ವಿಶಾಖಾ ಅತ್ತಳಲ್ಲ, ಬಂಗಾರದಂಥ ಕುರಿ ಗೊಬ್ಬರಕ್ಕೆ ಶೈಲಾ ಏನು ಮಾಡಿಯಾಳು? ಒಂದು ಬುಟ್ಟಿಗೆ ಒಂದು ತಿಂಗಳಾದರೆ ಎರಡು ಗುಂಟೆಗೆ ಜನ್ಮವಿಡೀ ಸಿಟ್ಟಾಗಲಾರಳು.

ಗುರಲಿಂಗಪ್ಪನ ಪರಿಚಯದ ಕುರಿಗಾರ ಬೀರಣ್ಣ. ಅವನ ಹಿಂಡು ಆಗ ಬಬಲೇಶ್ವರದ ಸುತ್ತ ಮೇಯುತ್ತಿತ್ತು. ಗುರಲಿಂಗಪ್ಪ ಫೋನು ಹಚ್ಚಿ ಕೊಟ್ಟ.

"ಬೀರಣ್ಣ, ನಾ ವಿಜಯಪುರದ ಸೀರಿ ಅಂಗಡಿ ಅರುಣಕುಮಾರ. ಮನಿ ಬಾಜೂಕ ಎರಡು ಗುಂಟೆ ಜಾಗಾ ಐತಿ. ಅದಕ್ಕ ಕುರಿ ಗೊಬ್ಬರ ಬೇಕಾಗೇತಿ."

"ಆತ್ರಿ ಸಾವ್ಕಾರ್ರ. ಯಾವತ್ತ ಬರ್ಲಿ?"

"ಇಪ್ಪತ್ನಾಲ್ಕಕ್ಕ ಸಂಜಿಮುಂದ. ಮಾಲು ತಾಜಾ ಇರಬೇಕು ನೋಡು."

ಆ ಕಡೆ ಬೀರಣ್ಣ ನಕ್ಕ. "ಇದಕ್ಕಿಂತಾ ತಾಜಾ ಎಲ್ಲೂ ಸಿಗಂಗಿಲ್ರಿ. ಎಷ್ಟ ತರ್ಲಿ?"

"ಎಷ್ಟೈತಿ ಅಷ್ಟೂ ತಾ. ಕೈ ಹಿಡದ ಕೆಲಸಾ ಮಾಡೂ ಮನಷ್ಯಾ ಅಲ್ಲ ನಾ."

"ಎಲ್ಲಾ ತಂದ್ರ ಒಂದ ರಾತ್ರಿ ಕೂಡ್ಸಿದ್ರ ಸಾಕ್ರಿ."

ಕೂಡಿಸುವುದೆಂದರೆ ಅರುಣಕುಮಾರನಿಗೆ ಗೊತ್ತಿದ್ದ ಅರ್ಥ ಒಂದೇ: ಅಲ್ಲಲ್ಲಿ ಬಿದ್ದದ್ದನ್ನು ಬಳಿದು ಒಂದು ಕಡೆ ಗುಡ್ಡೆ ಹಾಕುವುದು. ಬೀರಣ್ಣನಿಗೆ ಗೊತ್ತಿದ್ದ ಅರ್ಥವೂ ಒಂದೇ: ಹಿಂಡಿಗೆ ಹಿಂಡನ್ನೇ ಹೊಲಕ್ಕೆ ಹೊಡೆದುತಂದು ರಾತ್ರಿಯಿಡೀ ಅಲ್ಲೇ ತಂಗಿಸುವುದು.

"ಕೂಡ್ಸಪಾ, ಚಂದಾಗಿ ಕೂಡ್ಸು" ಎಂದು ಅರುಣಕುಮಾರ ಉದಾರವಾಗಿ ಒಪ್ಪಿಗೆ ಕೊಟ್ಟ.

ಮುಂದಿನ ದಿನಗಳಲ್ಲಿ ಅವನ ನಡಿಗೆಯೇ ಬದಲಾಯಿತು. ಹಿತ್ತಲಲ್ಲಿ ಗುಲಾಬಿ ಕಿಕ್ಕಿರಿದಿತ್ತು, ಸೇವಂತಿಗೆ ಹಳದಿ ಚೆಲ್ಲಿತ್ತು, ಬದನೆ ಗಿಡ ಕಾಯಿಯ ಭಾರಕ್ಕೆ ಬಾಗಿದ್ದವು. ಶೈಲಾ ಒಂದೊಂದು ಗಿಡದ ಹತ್ತಿರವೂ ನಿಂತು ಬಳಗದವರಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತಿದ್ದಳು. ಅವಳ ಕಣ್ಣಿನ ಹೆಮ್ಮೆ ನೋಡಿ ಅರುಣಕುಮಾರನಿಗೆ ಕರುಣೆ ಬರುತ್ತಿತ್ತು. ಪಾಪ, ಇನ್ನೂ ಏನು ಕಾದಿದೆಯೆಂದು ಅವಳಿಗೆ ಗೊತ್ತಿಲ್ಲ.

ಇಪ್ಪತ್ತನಾಲ್ಕರ ಸಂಜೆ ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಇಳಕಲ್ ಸೀರೆಯೊಂದನ್ನು ಬಿಡಿಸಿ ಹಿಡಿದಿದ್ದಾಗ ಬೀರಣ್ಣನ ಫೋನು ಬಂತು.

"ಸಾವ್ಕಾರ್ರ, ಬಂದೇವ್ರಿ. ಆದ್ರ ಇಲ್ಲಿ ಹೂವಿನ ಗಿಡಾ ಅದಾವಲ್ರಿ?"

"ಹೂಂ. ಅವಕ್ಕಂತನ ತರಿಸೇನಿ."

"ಒಳಗ ಬಿಟ್ರ ಗಿಡಾ ತಿಂತಾವ್ರಿ."

"ತಿನ್ಲಿ."

"ಅಲ್ರಿ, ಎಲ್ಲಾ ಗಿಡಾ ತಿಂತಾವ ಅಂತೀನಿ."

"ಎಲ್ಲಾ ಗಿಡಾನೂ ತಿನ್ಲಿ. ಹೊಟ್ಟಿ ತುಂಬ ತಿನ್ಲಿ. ಒಂದೂ ಉಪಾಸ ಇರಬಾರ್ದು ನೋಡು."

ಬೀರಣ್ಣ, ಪಟ್ಟಣದ ದೊಡ್ಡವರ ತಲೆ ಬೇರೆಯೇ ಥರ ಓಡುತ್ತದೆ ಎಂದುಕೊಂಡನೋ ಏನೋ. "ಮನ್ಯಾಗ ಹಿರ್ಯಾರ ಅದಾರ, ಒಂದ ಮಾತ 'ಹೂಂ' ಅನ್ನಸ್ರಿ" ಎಂದ.

"ಅವ್ವಗ ನನ್ನ ಹೆಸರ ಹೇಳಿದ್ರ ಸಾಕು. ಇನ್ನೊಂದ ಸಲ ಫೋನ್ ಹಚ್ಚಬ್ಯಾಡ, ಗಿರಾಕಿ ಅದಾರ." ಫೋನಿಟ್ಟು ಅರುಣಕುಮಾರ ಎದುರಿಗಿದ್ದ ಹೆಂಗಸಿಗೆ ಹೆಮ್ಮೆಯಿಂದ ವಿವರಿಸಿದ: "ಮನ್ಯಾಗ ಗಿಡಕ್ಕ ಊಟಾ ಹಾಕ್ಸಾಕತ್ತೇನ್ರಿ."

ಶೈಲಾ ಆ ದಿನ ಶಾಲೆ ಮುಗಿಸಿಕೊಂಡು, ಮರುದಿನದ ತಿಂಡಿಗೆ ಬೇಕಾದ ಸಾಮಾನು ಕೊಳ್ಳಲು ಬಜಾರಿಗೆ ಬಂದಿದ್ದಳು. ಅರುಣಕುಮಾರ ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಓಣಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ಕಿಸೆಯಿಂದ ಹೊಸ ಕರವಸ್ತ್ರ ತೆಗೆದು ಅವಳ ಕಣ್ಣಿಗೆ ಕಟ್ಟಿದ.

"ಏನ್ರಿ ಇದು, ಓಣಿ ಮಂದಿ ನೋಡಾಕತ್ತಾರ."

"ನೋಡ್ಲಿ. ನಾಳಿ ಊರ ನೋಡತೈತಿ."

ಅವಳ ಕೈ ಹಿಡಿದು ಮನೆಯ ಕಡೆ ನಡೆಸಿದ. ನಾಲ್ಕು ಹೆಜ್ಜೆಗೆ ಶೈಲಾ ಮೂಗು ಅರಳಿಸಿದಳು. "ಕುರಿ ವಾಸನಿ ಬರಾಕತ್ತೈತಲ್ರಿ?"

"ಬರೊಬ್ಬರಿ. ಅರ್ಧಾ ಗುರ್ತ ಹಿಡದಿ" ಎಂದು ಅರುಣಕುಮಾರ ಬೀಗಿದ.

ಇನ್ನಷ್ಟು ದೂರ ನಡೆದಾಗ ಅವಳು ನಿಂತಳು. "ರೀ, ಏನೋ 'ಬ್ಯಾ' ಅಂತು."

ಅದು ಅರುಣಕುಮಾರನಿಗೂ ಕೇಳಿಸಿತ್ತು. ಗೊಬ್ಬರ 'ಬ್ಯಾ' ಎನ್ನುತ್ತದೆಂದು ಗುರಲಿಂಗಪ್ಪ ಹೇಳಿರಲಿಲ್ಲ. ಅವನು ಕತ್ತು ಉದ್ದ ಮಾಡಿ ಬೇಲಿಯ ಆಚೆ ನೋಡಿದ. ನೋಡಿದವನು ಅಲ್ಲೇ ಕಂಬವಾದ.

"ಬಿಚ್ಲೇನ್ರಿ ಕಣ್ಣು?"

"ಬ್ಯಾಡ."

"ಮನಿ ಬಂತಲ್ಲ?"

"ಬಂತು. ಆದ್ರ ಇನ್ನೊಂದೀಟು ಹಂಗ ಇರು. ಅಂದ್ರ, ಒಂದ ಎರಡ ತಿಂಗಳು."

ಶೈಲಾ ತಾನೇ ಕರವಸ್ತ್ರ ಎಳೆದು ತೆಗೆದಳು.

ಹಿತ್ತಲಿನ ತುಂಬ ಕುರಿ. ಸೂಜಿ ಹಾಕಲು ಜಾಗವಿಲ್ಲ. ಗುಲಾಬಿ ಗಿಡಗಳಿದ್ದ ಕಡೆ ಮುಳ್ಳು ಕಡ್ಡಿಗಳು ನಿಂತಿದ್ದವು. ಸೇವಂತಿಗೆ ಇತ್ತೆಂಬುದಕ್ಕೆ ಒಂದು ಮರಿಯ ತುಟಿಗೆ ಅಂಟಿದ್ದ ಹಳದಿ ಎಸಳೇ ಸಾಕ್ಷಿ. ಒಂದು ಟಗರು ಹಿಂಗಾಲ ಮೇಲೆ ಎದ್ದು ನಿಂತು ನಿಂಬೆ ಗಿಡದ ಕೊನೆಯ ಎಲೆಗೆ ಬಾಯಿ ಹಾಕುತ್ತಿತ್ತು. ಇದೆಲ್ಲದರ ನಡುವೆ ಶಂಕ್ರೆವ್ವ ಕುರ್ಚಿ ಹಾಕಿಕೊಂಡು ರಾಣಿಯಂತೆ ಕೂತಿದ್ದಳು. ಬೀರಣ್ಣ ಅವಳ ಎದುರು ಕೂತು ರೊಟ್ಟಿ ತಿನ್ನುತ್ತಿದ್ದ.

"ಬಾ ತಮ್ಮಾ" ಎಂದಳು ಶಂಕ್ರೆವ್ವ. ಅವಳ ದನಿಯಲ್ಲಿ ಅಂಥ ಅಭಿಮಾನವನ್ನು ಅರುಣಕುಮಾರ ಎಂದೂ ಕೇಳಿರಲಿಲ್ಲ. "ನೀ ನನ್ನ ಹೊಟ್ಟ್ಯಾಗ ಹುಟ್ಟಿದ್ದು ಇವತ್ತ ಖರೇ ಆತು. ನನ ಮಗಾ ಕುರಿ ಕೂಡ್ಸ್ಯಾನ ಅಂತ ಓಣಿ ಮಂದಿಗೆಲ್ಲಾ ಹೇಳಿ ಬಂದೇನಿ. ಗೇಟ್ ನಾನ ತಗದೆ."

ಶೈಲಾ ಕುರಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಒಂದು ಬೋಳು ಕಡ್ಡಿಯನ್ನು ಮುಟ್ಟಿ ನೋಡಿದಳು. ಬೀರಣ್ಣ ರೊಟ್ಟಿ ಕೆಳಗಿಟ್ಟು ಎದ್ದ.

"ಅಕ್ಕಾರ, ನಾ ಎರಡೆರಡ ಸಲ ಕೇಳೇನ್ರಿ. ಎಲ್ಲಾ ಗಿಡಾ ತಿನ್ಲಿ, ಒಂದೂ ಉಪಾಸ ಇರಬಾರ್ದು ಅಂತ ಸಾವ್ಕಾರ್ರ ಹೇಳಿದ್ರು."

ಶೈಲಾ ಗಂಡನ ಕಡೆ ತಿರುಗಿದಳು. "ಹಂಗ ಹೇಳಿದ್ರೇನ್ರಿ?"

"ಹೇಳೇನಿ. ಆದ್ರ ನಾ ಗಿಡಾ ತಿನ್ಲಿ ಅಂತ ಹೇಳೇನಿ. ಗಿಡಾ ತಿನ್ಲಿ ಅಂತ ಹೇಳಿಲ್ಲ."

"ನಮ್ಮ ಸಾಲಿ ಕನ್ನಡ ಮಾಸ್ತರ್ರನ್ನ ಕರಸ್ಲೇನು?"

"ಗೊಬ್ಬರಾನ ಗಿಡಾ ತಿನ್ಲಿ ಅಂತ ಶೈಲಾ. ಗಿಡಾನ ಕುರಿ ತಿನ್ಲಿ ಅಂತಲ್ಲ."

ಶೈಲಾ ಸಿಟ್ಟು ಮಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳ ದನಿ ಬಹಳ ಮೆತ್ತಗಿತ್ತು. "ನಾ ಏನ್ ಕೇಳಬೇಕಂತಿದ್ದೆ ಗೊತ್ತೈತೇನ್ರಿ? ಬೇಲಿಗೆ ಒಂದು ತಂತಿ ಜಾಳಗಿ. ಓಣ್ಯಾಗಿನ ಆಡು ಒಂದು ಸಂದಿಲಿಂದ ಬಾಯಿ ಹಾಕತೈತಿ, ಹೂವಿಗೆ ಸುಖಾ ಇಲ್ಲ ಅಂತ."

ಅರುಣಕುಮಾರನಿಗೆ ಹೆಂಡತಿಗೆ ಸಮಾಧಾನ ಹೇಳಬೇಕೆನಿಸಿತು. "ಆ ಆಡಿನ ಚಿಂತಿ ಇನ್ನ ಬಿಡು. ಅದು ಬಂದ್ರೂ ಏನ್ ಸಿಗಬೇಕು?" ಎಂದ. ಹೇಳಿದ ಮೇಲೆ ಹೇಳಬಾರದಿತ್ತೆಂದು ಗೊತ್ತಾಯಿತು.

ಬೀರಣ್ಣ ಕಸಿವಿಸಿಯಿಂದ ಕೋಲೆತ್ತಿಕೊಂಡ. "ಈಗ ಹೊಡಕೊಂಡ ಹೋಗ್ಲೇನ್ರಿ ಅಕ್ಕಾರ?"

"ಇರ್ಲಿ ಬಿಡ್ರಿ" ಎಂದಳು ಶೈಲಾ. "ತಿನ್ನೂದು ತಿಂದ ಮುಗಿಸ್ಯಾವ. ಈಗ ಎಬ್ಬಿಸಿ ಕಳಿಸಿದ್ರ ಬರೂ ಗೊಬ್ಬರಾನೂ ಬರಂಗಿಲ್ಲ." ಅಷ್ಟು ಹೇಳಿ ಒಳಗೆ ಹೋದಳು. ಅಂದಿನ ಊಟಕ್ಕೆ ಅರುಣಕುಮಾರನ ತಾಟಿನಲ್ಲಿ ರೊಟ್ಟಿ ಮತ್ತು ಉಪ್ಪು ಇದ್ದವು. ಪಲ್ಯ ಎಲ್ಲಿ ಎಂದು ಅವನು ಕೇಳಲಿಲ್ಲ. ಬದನೆ ಗಿಡದ ಗತಿಯನ್ನು ಅವನು ಕಣ್ಣಾರೆ ಕಂಡಿದ್ದ.

ಕ್ರಿಸ್‌ಮಸ್ ದಿನ ಬೆಳಕು ಹರಿಯುತ್ತಲೇ ಬೀರಣ್ಣ ಹಿಂಡು ಹೊಡೆದುಕೊಂಡು ಹೊರಟ. ಶಂಕ್ರೆವ್ವ ಅವನಿಗೆ ಮೊರದ ತುಂಬ ಜೋಳ ಕೊಟ್ಟು, ರಸ್ತೆಯವರೆಗೆ ಹೋಗಿ ಬೀಳ್ಕೊಟ್ಟಳು. ಬಳಗದವರು ಬರಲು ಇನ್ನೂ ಹೊತ್ತಿತ್ತು. ಹಿತ್ತಲಲ್ಲಿ ಒಬ್ಬನೇ ನಿಂತ ಅರುಣಕುಮಾರನಿಗೆ ಬೋಳು ಕಡ್ಡಿಗಳನ್ನು ನೋಡಲಾಗಲಿಲ್ಲ. ಅವನ ತಲೆ ಮತ್ತೆ ಓಡಿತು. ಅಟ್ಟ ಹತ್ತಿ, ಧೂಳು ಹಿಡಿದಿದ್ದ ಆ ಪ್ಲಾಸ್ಟಿಕ್ ಗುಲಾಬಿ ಕಟ್ಟು ಇಳಿಸಿ, ಒರೆಸಿ, ಕಡ್ಡಿಗೊಂದರಂತೆ ದಾರದಿಂದ ಕಟ್ಟಿದ. ದೂರದಿಂದ ನೋಡಿದರೆ ಪರವಾಗಿಲ್ಲ ಎನಿಸಿತು. ಇನ್ನೂ ದೂರದಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಶೈಲಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು, ತಿರುಗಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು.

ಬಳಗ ಬಂತು. ವಿಶಾಖಾ, ರಾಜಾರಾಮ, ಕೇಕು ಹಿಡಿದ ನರ್ಸಬಾಯಿ, ಇನ್ನೂ ನಾಲ್ಕಾರು ಮಂದಿ. ಹಿತ್ತಲಿಗೆ ಕಾಲಿಟ್ಟವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಜಾರಾಮ ಮರ್ಯಾದಸ್ಥ, ಮೌನ ಸಹಿಸುವವನಲ್ಲ. ಹತ್ತಿರದ ಗುಲಾಬಿಗೆ ಬಾಗಿ, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದ.

"ಏನ್ ಘಮಾ ರೀ ಶೈಲಕ್ಕಾರ."

"ಅದು ಪ್ಲಾಸ್ಟಿಕ್ ರೀ" ಎಂದಳು ಶೈಲಾ.

ರಾಜಾರಾಮ ಬಾಗಿದವನು ಏಳಲಿಲ್ಲ. ಬೂಟಿನ ದಾರ ಕಟ್ಟಿಕೊಳ್ಳುವವನಂತೆ ಅಲ್ಲೇ ಕೂತ. ಅವನ ಕಾಲಲ್ಲಿದ್ದದ್ದು ಚಪ್ಪಲಿ. ಅರುಣಕುಮಾರ ನರ್ಸಬಾಯಿಯ ಕೈಯಿಂದ ಕೇಕಿನ ಡಬ್ಬಿ ಇಸಿದುಕೊಂಡು ಅದರ ಹಿಂದೆ ಮುಖ ಮರೆಮಾಡಿದ. ಇಷ್ಟರಲ್ಲಿ ವಿಶಾಖಾ ನೆಲ ನೋಡುತ್ತ ಮುಂದೆ ಹೋಗಿದ್ದಳು. ಹೋದವಳು ಗಕ್ಕನೆ ನಿಂತು ಕುಕ್ಕರುಗಾಲಲ್ಲಿ ಕೂತಳು.

"ಶೈಲಾ, ಇದು ಕುರಿ ಹಿಕ್ಕಿ ಅಲ್ಲ?"

"ಹೌದು."

"ಇಡೀ ಹಿತ್ಲಿಗೆ ಕುರಿ ಕೂಡ್ಸೀರಿ?"

"ಇವರು ಕೂಡ್ಸ್ಯಾರ."

ವಿಶಾಖಾ ಅಂಗೈ ತುಂಬ ಹಿಕ್ಕೆ ಎತ್ತಿ ಬೆಳಕಿಗೆ ಹಿಡಿದಳು. ಅರುಣಕುಮಾರನ ಅಂಗಡಿಯಲ್ಲಿ ಯಾವ ಹೆಂಗಸೂ ಯಾವ ಜರತಾರಿಯನ್ನೂ ಆ ಕಣ್ಣಿನಿಂದ ನೋಡಿರಲಿಲ್ಲ. ಉಳಿದವರು ಕೈಲಿದ್ದ ತಟ್ಟೆ ಬಟ್ಟಲು ಎಲ್ಲೆಂದರಲ್ಲಿ ಇಟ್ಟು ಸುತ್ತ ಕೂತುಬಿಟ್ಟರು. "ಎಷ್ಟ ಹಸನಾಗಿ ಬಿದ್ದೈತಿ", "ಒಂದ ಜಾಗಾನೂ ಬಿಟ್ಟಿಲ್ಲ ನೋಡ್ರಿ" ಎಂದು ಒಬ್ಬೊಬ್ಬರೂ ಬಾಯಿ ಚಪ್ಪರಿಸಿದರು. ಗಿಡ ಹೋದ ದುಃಖ ಯಾರಿಗೂ ಇದ್ದಂತೆ ಕಾಣಲಿಲ್ಲ.

"ಗಿಡದ ಬುಡಾ ಗಟ್ಟಿ ಅದಾವ, ತಿರುಗಿ ಚಿಗೀತಾವ" ಎಂದಳು ವಿಶಾಖಾ, ಕೈ ಕೊಡವದೆ. "ಆದ್ರ ಪಟ್ಟಣದಾಗ ಹಿಂಡಿಗೆ ಹಿಂಡ ಕೂಡ್ಸಿದ್ದು ನಾ ಇವತ್ತ ನೋಡಿದ್ದು. ನನ್ನ ಕುಂಡಕ್ಕ ಒಂದ ಚೀಲಾ ಒಯ್ಯಲೇನ ಶೈಲಾ?"

"ನನಗೂ ಒಂದೀಟು" ಎಂದು ನರ್ಸಬಾಯಿ ಅರುಣಕುಮಾರನ ಕೈಯ ಡಬ್ಬಿ ಇಸಿದು, ಕೇಕನ್ನು ತಟ್ಟೆಗೆ ಸುರಿದು ಅವನಿಗೆ ಕೊಟ್ಟು, ಡಬ್ಬಿ ಖಾಲಿ ಮಾಡಿಕೊಂಡರು.

ಆಗ ಶೈಲಾ ಎಲ್ಲರ ನಡುವೆ ಬಂದು ನಿಂತಳು. ಹಿಂದಿನ ಸಂಜೆಯಿಂದ ಬಾಡಿದ್ದ ಅವಳ ಮುಖ ಈಗ ಹೆಮ್ಮೆಯಿಂದ ಕೆಂಪಾಗಿತ್ತು. "ಒಂದು ಹಿಕ್ಕಿನೂ ಯಾರೂ ಮುಟ್ಟಬ್ಯಾಡ್ರಿ" ಎಂದಳು. "ಇದು ನಮ್ಮವರು ನನಗ ಕೊಟ್ಟ ಕ್ರಿಸ್‌ಮಸ್ ಕಾಣಿಕಿ. ಬಬಲೇಶ್ವರದಿಂದ ನಡಿಸಿಕೊಂಡ ತರಿಸ್ಯಾರ. ಬೇಕಾದವರು ನಿಮ್ಮ ನಿಮ್ಮ ಮನಿಯವರಿಗೆ ಹೇಳ್ರಿ."

ಅರುಣಕುಮಾರ ಕೇಕಿನ ತಟ್ಟೆಯ ಹಿಂದಿನಿಂದ ಮುಖ ಹೊರಗೆ ತೆಗೆದ. ಎದೆ ತಾನಾಗಿಯೇ ಮುಂದೆ ಬಂತು. ಬಳಗದ ಹೆಂಗಸರೆಲ್ಲ ಅವನನ್ನು ನೋಡಿ, ಆಮೇಲೆ ತಂತಮ್ಮ ಗಂಡಂದಿರನ್ನು ನೋಡಿದರು. ಆ ಎರಡು ನೋಟಗಳ ನಡುವಿನ ವ್ಯತ್ಯಾಸ ಅವನಿಗೆ ಜನ್ಮಕ್ಕಾಗುವಷ್ಟು ಸುಖ ಕೊಟ್ಟಿತು. "ಗಿಡಾ ಅಂದ್ರ ಬುಡದಿಂದ ವಿಚಾರ ಮಾಡಬೇಕ್ರಿ" ಎಂದು ಅವನು ಉಪನ್ಯಾಸಕ್ಕೇ ನಿಂತ.

ಹೊರಡುವಾಗ ರಾಜಾರಾಮ ಅವನನ್ನು ಮೂಲೆಗೆ ಎಳೆದ. "ಏನ್ರೀ ನೀವು, ಎರಡ ಚೀಲ ಮಣ್ಣಿನ್ಯಾಗ ನನ್ನ ಸಂಸಾರ ಸುಖವಾಗಿ ನಡದಿತ್ತು. ಈಗ ನಮ್ಮ ಮಾಳಗಿ ಮ್ಯಾಲ ಕುರಿ ಹೆಂಗ ಹತ್ತಿಸ್ಲಿ, ಹೇಳ್ರಿ."

"ಕುರಿ ಹತ್ತತಾವ. ಇಳಸೂದ ತ್ರಾಸು" ಎಂದು ಅರುಣಕುಮಾರ ಅನುಭವಿಯಂತೆ ತಲೆಯಾಡಿಸಿದ.

ಕೊನೆಯ ಅತಿಥಿ ಗೇಟು ದಾಟಿದ ಮೇಲೆ ಅವನು ಹೆಂಡತಿಯ ಕಡೆ ತಿರುಗಿ ನಕ್ಕ. ಶೈಲಾ ನಗಲಿಲ್ಲ. ಮೂಲೆಯಲ್ಲಿದ್ದ ಸಲಿಕೆ ತಂದು ಅವನ ಕೈಗೆ ಕೊಟ್ಟಳು. "ಮಂದಿ ಮುಂದ ಮಾನಾ ಉಳಸೇನಿ. ಈಗ ಇದನ್ನ ಮಣ್ಣಾಗ ಕೂಡ್ಸ್ರಿ. ಎರಡೂ ಗುಂಟೆ."

ರೇಷ್ಮೆ ಮಡಚಿ ಮೆತ್ತಗಾದ ಅವನ ಅಂಗೈಯಲ್ಲಿ ಸಂಜೆಯ ಹೊತ್ತಿಗೆ ಬೊಬ್ಬೆ ಎದ್ದವು. ಶಂಕ್ರೆವ್ವ ಕುರ್ಚಿಯಲ್ಲಿ ಕೂತು, "ಇನ್ನೊಂದೀಟು ಆಳ ಹಾಕು ತಮ್ಮಾ" ಎಂದು ಹೇಳುತ್ತಲೇ ಇದ್ದಳು. ಮರುವಾರ ಬೇಲಿಗೆ ತಂತಿ ಜಾಳಗಿಯೂ ಬಂತು. ಅದನ್ನು ಯಾವ ಬಣ್ಣದ್ದು, ಎಷ್ಟು ಎತ್ತರದ್ದು ಎಂದು ಅರುಣಕುಮಾರ ಹೆಂಡತಿಯನ್ನು ಕೇಳಿಯೇ ತಂದ.

ಸಂಕ್ರಮಣದ ಹೊತ್ತಿಗೆ ಬೋಳು ಕಡ್ಡಿಗಳು ಕೆಂಪು ಚಿಗುರೊಡೆದವು. ಮಾಘದಲ್ಲಿ ಮೊಗ್ಗು ಬಂತು. ಆಮೇಲೆ ಬಂದ ಹೂವಿಗೆ ಶೈಲಾ ತಾನೇ ಬೆರಗಾದಳು. ಒಂದೊಂದು ಗುಲಾಬಿ ಬೊಗಸೆ ತುಂಬುತ್ತಿತ್ತು. ನಗರದ ಹೂವಿನ ಪ್ರದರ್ಶನಕ್ಕೆ ಒಯ್ದಳು. ಮೊದಲ ಬಹುಮಾನ ಬಂತು. ವೇದಿಕೆಯ ಮೇಲೆ ಬೆಳ್ಳಿ ಬಣ್ಣದ ಟ್ರೋಫಿ ಕೊಡುತ್ತ ತೀರ್ಪುಗಾರರು ಮೈಕಿನಲ್ಲಿ ಕೇಳಿದರು: "ಗಿಡಗಳನ್ನು ಇಷ್ಟು ಹದವಾಗಿ ಕತ್ತರಿಸಿದವರು ಯಾರಮ್ಮಾ?"

"ಕತ್ತರಿಸಿದ್ದು ಕುರಿ ರೀ" ಎಂದಳು ಶೈಲಾ. "ಕರಸಿದವರು ಇವರು." ಕೈ ಮಾಡಿ ಗಂಡನನ್ನು ವೇದಿಕೆಗೆ ಕರೆದಳು. ಈ ಸಲ ಅವಳು ನಗುತ್ತಿದ್ದಳು. ಅರುಣಕುಮಾರ ಅಂಗಿಯ ಕಾಲರು ಸರಿಮಾಡಿಕೊಂಡು ಹತ್ತಿ, ನಾಲ್ಕು ದಿಕ್ಕಿಗೂ ಕೈಮುಗಿದ. ಚಪ್ಪಾಳೆ ಬಿದ್ದವು. ಫೋಟೋದವನು ಟ್ರೋಫಿಯನ್ನು ಇಬ್ಬರ ಕೈಗೂ ಕೊಟ್ಟು ಫೋಟೋ ಹೊಡೆದ.

ಮರುದಿನದ ಸ್ಥಳೀಯ ಪತ್ರಿಕೆಯಲ್ಲಿ ಆ ಫೋಟೋ ಬಂತು. ಕೆಳಗೆ ಹೀಗೆ ಅಚ್ಚಾಗಿತ್ತು: 'ಪ್ರಥಮ ಬಹುಮಾನ ಪಡೆದ ಶಿಕ್ಷಕಿ ಶೈಲಾ ಹಾಗೂ ಕುರಿ ಸಾಕಾಣಿಕೆದಾರ ಅರುಣಕುಮಾರ.'

ಶಂಕ್ರೆವ್ವ ಅದನ್ನು ಮೂರು ಮನೆಯವರಿಂದ ಓದಿಸಿ ಕೇಳಿದಳು. "ಸೀರಿ ಮಾರೂಂವ ಅಂತ ಹಾಕಿದ್ರ ಯಾರ ಓದತಿದ್ರು?" ಎಂದು ಮಗನ ಬೆನ್ನು ತಟ್ಟಿದಳು. ಅರುಣಕುಮಾರನಿಗೆ ತಿದ್ದುಪಡಿ ಹಾಕಿಸಬೇಕೆಂಬ ಮನಸ್ಸಿತ್ತು. ಆದರೆ ಫೋಟೋದಲ್ಲಿ ತಾನು ಚೆನ್ನಾಗಿ ಬಿದ್ದಿದ್ದೇನೆ ಎನಿಸಿ ಸುಮ್ಮನಾದ.

ಆ ದಿನ ಅಂಗಡಿ ತೆರೆಯುವಾಗ ಮೆಟ್ಟಿಲ ಮೇಲೆ ಇಬ್ಬರು ಹಿರಿಯರು ಕಾದು ಕೂತಿದ್ದರು. ರುಮಾಲು, ಬಿಳಿ ಧೋತರ, ಒಬ್ಬರ ಕೈಯಲ್ಲಿ ಅದೇ ಪತ್ರಿಕೆ. ಬಬಲೇಶ್ವರದಿಂದ ಜೀಪು ಮಾಡಿಕೊಂಡು ಬಂದಿದ್ದೇವೆ, ಫೋಟೋ ತೋರಿಸಿ ಕೇಳಿದಾಗ ಮಂದಿ ಈ ಅಂಗಡಿಯ ದಾರಿ ತೋರಿಸಿದರು ಎಂದರು. ಫೋಟೋ ನೋಡಿ ಇಷ್ಟು ದೂರ ಬಂದಿದ್ದಾರೆಂದರೆ ಮದುವೆಯ ದೊಡ್ಡ ಜವಳಿಯೇ ಇರಬೇಕೆಂದು ಅರುಣಕುಮಾರ ಅವರನ್ನು ಗಾದಿಯ ಮೇಲೆ ಕೂರಿಸಿದ. ಚಹಾ ತರಿಸಿದ. ಇಳಕಲ್ ಬಿಡಿಸಿದ, ಧರ್ಮಾವರಂ ಬಿಡಿಸಿದ, ಕಪಾಟಿನ ಮೇಲಿನ ಸಾಲಿನಲ್ಲಿದ್ದ ರೇಷ್ಮೆಯನ್ನೂ ಇಳಿಸಿ ಅವರ ಕಾಲ ಬಳಿ ಹರವಿದ.

ಇಬ್ಬರಲ್ಲಿ ಹಿರಿಯರು ಚಹಾ ಕುಡಿದು ಮುಗಿಸಿ, ಬಟ್ಟಲು ಕೆಳಗಿಟ್ಟು, ಸೀರೆಗಳನ್ನು ಒಂದು ಕಡೆ ಸರಿಸಿದರು.

"ಇವೆಲ್ಲಾ ಇರ್ಲಿ ಬಿಡ್ರಿ" ಎಂದರು. "ಟಗರು ಯಾ ಬಾಜೂಕ ಕಟ್ಟೀರಿ?"